ಹರಡಿನ ಎಲುಬು ಮತ್ತು ಎರಡನೆಯ ಶಸ್ತ್ರಕ್ರಿಯೆ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಗೆ ಸಮೀಪದಲ್ಲಿರುವ ಇಂಗಳೇಶ್ವರವು ಬಸವಣ್ಣನವರ ಹೆಸರಿನೊಡನೆ ಕೂಡಿಕೊಂಡಿರುವ ಊರು. ಅವರು ಹುಟ್ಟಿದ್ದು ಇಲ್ಲಿಯೇ, ತಾಯಿಯ ತವರಿನಲ್ಲಿ, ಎಂದು ಅಲ್ಲಿಯ ಜನ ಹೇಳುವರು. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿರುವ ಮಂಟಪವನ್ನು ನೋಡಲು ಹೊರಗಿನಿಂದ ಯಾತ್ರಿಕರು ಬರುವುದುಂಟು. ಸುತ್ತಣ ಸೀಮೆಯಲ್ಲಿ ಎರೆಯ ಹೊಲಗಳೇ ಹೆಚ್ಚು. ಬೇಸಗೆಯಲ್ಲಿ ಬಾಯಿಬಿಟ್ಟು ನಿಲ್ಲುವ ಈ ನೆಲವು ಒಂದು ಮಳೆ ಬಿದ್ದೊಡನೆ ಬೆಣ್ಣೆಯಂತೆ ಜಾರತೊಡಗುವುದು. ಅಂಥ ಒಂದು ಸಂಜೆ ಹೊಲದಿಂದ ಮರಳುತ್ತಿರುವ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಬದುವಿನಿಂದ ಕೆಳಗಿಳಿಯುವಾಗ ಪಾದ ಒಂದು ಕಡೆಗೆ ಜಾರಿತು. ಮೈಯ ಭಾರವೆಲ್ಲ ಇನ್ನೊಂದು ಕಡೆಗೆ ಹೊರಳಿತು. ಕಟ್ಟಿಗೆ ಮುರಿದಂತೆ ಸದ್ದಾಯಿತು. ಹತ್ತು ನಿಮಿಷಗಳೊಳಗೆ ಪಾದದ ಗಿಣ್ಣು ಊದಿ ತೆಂಗಿನಕಾಯಿಯಷ್ಟಾಯಿತು.

ಆಸ್ಪತ್ರೆಯಲ್ಲಿ ಕ್ಷ-ಕಿರಣ ಚಿತ್ರವನ್ನು ತೆಗೆದ ವೈದ್ಯರು ಶಸ್ತ್ರಕ್ರಿಯೆ ಮಾಡಿ ಪ್ಲೇಟು ಕೂಡಿಸಬೇಕೆಂದು ಹೇಳುವರು. ಮನೆಯಲ್ಲಿ ಆಗ ಎರಡು ಬಗೆಯ ಮಾತುಗಳು ಹುಟ್ಟುವುವು. "ಕಾಲೊಳಗ ಕಬ್ಬಿಣ ಹಾಕಿಸಿಕೊಂಡ್ರ ಮತ್ತ ಕೊಯ್ಯಿಸಿಕೊಳ್ಳೂದು ತಪ್ಪೂದಿಲ್ಲ ತಮ್ಮಾ" ಎಂದು ಹಿರಿಯರು ಹೆದರುವರು. "ಸ್ಟೀಲು ಹಾಕಿದ ಮ್ಯಾಲ ಕಾಲು ಮೊದಲಿಗಿಂತ ಗಟ್ಟಿ ಆಗತೈತಿ, ಮರುವಾರನ ನಡೀಬಹುದು" ಎಂದು ಕಿರಿಯರು ಧೈರ್ಯ ಹೇಳುವರು. ಇವೆರಡೂ ತಪ್ಪು ತಿಳಿವಳಿಕೆಗಳು. ಎರಡರಿಂದಲೂ ಕಾಲು ಕೆಡುವುದುಂಟು. ಮೊದಲನೆಯದು ಚಿಕಿತ್ಸೆಯನ್ನು ತಡಮಾಡಿಸುತ್ತದೆ, ಎರಡನೆಯದು ಕೊಟ್ಟ ಚಿಕಿತ್ಸೆಯನ್ನೇ ಮುರಿಯುತ್ತದೆ. ಒಮ್ಮೆ ಶಸ್ತ್ರಕ್ರಿಯೆಯಾದ ಹರಡಿಗೆ ಮತ್ತೊಮ್ಮೆ ಶಸ್ತ್ರಕ್ರಿಯೆ ಏಕೆ ಬೇಕಾಗುತ್ತದೆ, ಎಷ್ಟು ಮಂದಿಗೆ ಬೇಕಾಗುತ್ತದೆ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಇದು ವೈದ್ಯರ ವಿಷಯವಾದರೂ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸನ್ನೆ, ಒತ್ತಡ, ಲೋಹದ ದಣಿವು ಮೊದಲಾದ ವಿಚಾರಗಳೇ ಇದರ ಬಹುಭಾಗವನ್ನು ತುಂಬಿವೆ.

ಹರಡುಗೀಲಿನ ರಚನೆ

ಕಾಲೂ ಪಾದವೂ ಕೂಡುವ ಗಿಣ್ಣಿಗೆ ಹರಡು ಎಂದು ಹೆಸರು. ಮೊಣಕಾಲಿನಿಂದ ಕೆಳಗೆ ಎರಡು ಎಲುಬುಗಳು ಇಳಿದುಬರುತ್ತವೆ. ಒಳಗಡೆಯದು ದಪ್ಪವಾದದ್ದು, ವೈದ್ಯರು ಅದನ್ನು ಟಿಬಿಯ ಎನ್ನುವರು. ಹೊರಗಡೆಯದು ಬೆರಳಿನಷ್ಟು ತೆಳ್ಳನೆಯದು, ಅದು ಫಿಬ್ಯುಲ. ನಮ್ಮ ಪಾದದ ಎರಡು ಪಕ್ಕಗಳಲ್ಲಿ ಕೈಗೆ ಸಿಕ್ಕುವ ಗುಬುಟುಗಳು ಈ ಎರಡು ಎಲುಬುಗಳ ತುದಿಗಳೇ. ಇವೆರಡೂ ಕೂಡಿ ತಲೆಕೆಳಗಾದ ಬಟ್ಟಲಿನಂಥ ಒಂದು ಗೂಡನ್ನು ಮಾಡುತ್ತವೆ. ಪಾದದ ಮೇಲ್ತುದಿಯ ಟೇಲಸ್ ಎಂಬ ಎಲುಬು ಆ ಗೂಡಿನೊಳಗೆ ಬಿಗಿಯಾಗಿ ಕುಳಿತು, ಹಿಂದಕ್ಕೂ ಮುಂದಕ್ಕೂ ಹೊರಳುತ್ತದೆ. ಎರಡು ಎಲುಬುಗಳನ್ನು ಒಂದಕ್ಕೊಂದು ಬಿಗಿದು ಗೂಡು ಅಗಲವಾಗದಂತೆ ಹಿಡಿದಿರುವುದು ಗಟ್ಟಿಯಾದ ತಂತುಗಳ ಒಂದು ಕಟ್ಟು. ಉಜ್ಜಾಟವಾಗದಂತೆ ಎಲುಬುಗಳ ಮೈಗೆ ನುಣುಪಾದ ಮೃದ್ವಸ್ಥಿಯ ಲೇಪವಿದೆ.

ಬಂಡಿಯ ಗಾಲಿಯನ್ನು ನೋಡಿದವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಗಾಲಿಯ ನಡುವಣ ಗುಂಬದಲ್ಲಿ ಅಚ್ಚು ಸರಿಯಾಗಿ ಕುಳಿತಿದ್ದರೆ ಬಂಡಿ ವರ್ಷಗಟ್ಟಲೆ ಸಾಗುವುದು. ಗುಂಬ ಸ್ವಲ್ಪ ಸಡಿಲವಾದರೂ ಅಚ್ಚು ಒಂದೇ ಪಕ್ಕಕ್ಕೆ ಒತ್ತಿ ಉಜ್ಜತೊಡಗುವುದು; ಕೆಲವು ತಿಂಗಳಲ್ಲಿ ಅಚ್ಚೂ ಸವೆಯುವುದು, ಗುಂಬವೂ ಸವೆಯುವುದು. ಹರಡುಗೀಲಿನ ಕಥೆಯೂ ಇದೇ.

ಆದರೆ ಹರಡು ಹೊರುವ ಭಾರವು ಬಂಡಿಯ ಅಚ್ಚಿನ ಭಾರದಂತೆ ಸರಳವಲ್ಲ. ೬೦ ಕಿಲೋಗ್ರಾಂ ತೂಕದ ಒಬ್ಬನು ಒಂಟಿಗಾಲಿನ ತುದಿಬೆರಳುಗಳ ಮೇಲೆ ನಿಂತಿರುವನೆಂದು ಇಟ್ಟುಕೊಳ್ಳೋಣ. ಆಗ ಪಾದವು ಒಂದು ಸನ್ನೆಗೋಲಾಗುತ್ತದೆ. ಹರಡುಗೀಲು ಅದರ ಆನಿಕೆ. ನೆಲವು ಪಾದವನ್ನು ಮೇಲಕ್ಕೆ ತಳ್ಳುವ ಸ್ಥಳವು ಆನಿಕೆಯಿಂದ ಮುಂದಕ್ಕೆ ಸುಮಾರು ೧೨ ಸೆಂಟಿಮೀಟರು ದೂರ. ಹಿಮ್ಮಡಿಯನ್ನು ಮೇಲಕ್ಕೆಳೆಯುವ ಮೀನಖಂಡದ ಸ್ನಾಯುರಜ್ಜು ಆನಿಕೆಯಿಂದ ಹಿಂದಕ್ಕೆ ಸುಮಾರು ೪ ಸೆಂಟಿಮೀಟರು ದೂರ. ಸನ್ನೆಯ ನಿಯಮದಂತೆ ೬೦ನ್ನು ೧೨ರಿಂದ ಗುಣಿಸಿದರೆ ೭೨೦. ಅದನ್ನು ೪ರಿಂದ ಭಾಗಿಸಿದರೆ ೧೮೦. ಎಂದರೆ ಆ ರಜ್ಜುವು ೧೮೦ ಕಿಲೋಗ್ರಾಂ ಭಾರದ ಬಲದಿಂದ ಎಳೆಯಬೇಕು. ಕೀಲಿನ ಮೇಲೆ ಬೀಳುವ ಒಟ್ಟು ಭಾರವು ಇವೆರಡರ ಮೊತ್ತ, ೨೪೦ ಕಿಲೋಗ್ರಾಂ. ಇದು ಮೈತೂಕದ ನಾಲ್ಕು ಪಟ್ಟು! ನಡೆಯುವಾಗಲೂ ಪ್ರತಿ ಹೆಜ್ಜೆಯಲ್ಲಿ ಹೆಚ್ಚುಕಡಮೆ ಇಷ್ಟೇ ಭಾರವು ಹರಡಿನ ಮೇಲೆ ಬಿದ್ದು ಹೋಗುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಇಷ್ಟು ಚಿಕ್ಕ ಕೀಲು ಇದನ್ನು ಜೀವಮಾನವೆಲ್ಲ ತಾಳಿಕೊಳ್ಳುವುದು ಗೂಡು ಸರಿಯಾಗಿರುವುದರಿಂದಲೇ.

ಲೋಹವು ಮಾಡುವ ಕೆಲಸ

ಹರಡಿನ ಮುರಿತವನ್ನು ವಿವರಿಸಿದವರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಪ್ರಸಿದ್ಧರು. ೧೭೫೬ರಲ್ಲಿ ಅವರೇ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡರು. ಎಲುಬು ಚರ್ಮವನ್ನು ಸೀಳಿ ಹೊರಬಂದಿತ್ತು. ತಮ್ಮನ್ನು ಹಾಗೆಯೇ ಎತ್ತಗೊಡದೆ, ಒಂದು ಬಾಗಿಲನ್ನು ಕೊಂಡುತರಿಸಿ, ಅದಕ್ಕೆ ಗಳುಗಳನ್ನು ಹೊಡೆಸಿ, ಅದರ ಮೇಲೆ ಮಲಗಿ ಮನೆಗೆ ಹೋದರೆಂದು ಹೇಳಿಕೆಯಿದೆ. ಅವರ ಕಾಲು ಉಳಿಯಿತು. ೧೭೬೮ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಫಿಬ್ಯುಲ ಮುರಿದು ಪಾದವು ಪಕ್ಕಕ್ಕೆ ಸರಿಯುವ ಬಗೆಯ ವರ್ಣನೆಯಿದೆ. ಆ ಕಾಲದಲ್ಲಿ ಎಲುಬನ್ನು ಕೈಯಿಂದ ಕೂಡಿಸಿ ದಬ್ಬೆ ಕಟ್ಟುವುದಕ್ಕಿಂತ ಹೆಚ್ಚಿನ ಉಪಾಯವಿರಲಿಲ್ಲ. ಚರ್ಮವನ್ನು ಕೊಯ್ದರೆ ಗಾಯ ಕೀತು ರೋಗಿ ಸಾಯುವ ಭಯವೇ ದೊಡ್ಡದಾಗಿತ್ತು.

ಈ ಭಯವನ್ನು ಮೊದಲು ತಗ್ಗಿಸಿದವರು ಜೋಸೆಫ್ ಲಿಸ್ಟರ್. ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರವಗಳನ್ನು ಬಳಸಿ ೧೮೭೭ರಲ್ಲಿ ಲಂಡನ್ನಿನಲ್ಲಿ ಅವರು ಮುರಿದ ಮೊಣಕಾಲ ಚಿಪ್ಪನ್ನು ಬೆಳ್ಳಿಯ ತಂತಿಯಿಂದ ಬಿಗಿದರು. ೧೮೯೫ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದುದರಿಂದ ಎಲುಬು ಒಳಗೆ ಹೇಗೆ ಕುಳಿತಿದೆಯೆಂದು ಕಣ್ಣಿಗೆ ಕಾಣುವಂತಾಯಿತು. ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ಒಂದು ಮಂಡಲಿಯನ್ನು ಕಟ್ಟಿಕೊಂಡು, ಪ್ಲೇಟು ಸ್ಕ್ರೂಗಳಿಂದ ಎಲುಬನ್ನು ಬಿಗಿಯುವ ವಿಧಾನವನ್ನು ಶಾಸ್ತ್ರಬದ್ಧಗೊಳಿಸಿದರು. ಇಂದು ವಿಜಯಪುರದಂಥ ಜಿಲ್ಲಾ ಕೇಂದ್ರಗಳಲ್ಲಿಯೂ ಇದು ನಿತ್ಯದ ಕೆಲಸವಾಗಿದೆ.

ಎಲ್ಲ ಮುರಿತಗಳಿಗೂ ಶಸ್ತ್ರಕ್ರಿಯೆ ಬೇಕಿಲ್ಲ. ಗೂಡು ಕದಲದೆ ಒಂದು ತುದಿ ಮಾತ್ರ ಬಿರುಕು ಬಿಟ್ಟಿದ್ದರೆ ಹೊರಗಿನ ಕಟ್ಟೇ ಸಾಕು. ಗೂಡು ಬಿಚ್ಚಿಕೊಂಡಿದ್ದರೆ, ಟೇಲಸ್ ತನ್ನ ಸ್ಥಾನದಿಂದ ಸರಿದಿದ್ದರೆ, ಅದನ್ನು ಮರಳಿ ಕೂಡಿಸಿ ಹಿಡಿದಿಡಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಗಾಣಬೇಕು. ಲೋಹವು ಎಲುಬನ್ನು ಗುಣಪಡಿಸುವುದಿಲ್ಲ. ಎಲುಬು ತಾನಾಗಿ ಕೂಡಿಕೊಳ್ಳುವವರೆಗೆ ತುಂಡುಗಳನ್ನು ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಕಮಾನಿನ ಕಲ್ಲುಗಳು ಗಾರೆಯಲ್ಲಿ ಬಿಗಿಯಾಗುವತನಕ ಕೆಳಗೆ ಕೊಡುವ ಮರದ ಆಸರೆಯಂತೆ ಇದು. ಆಸರೆಯ ಮೇಲೆ ಯಾರೂ ಮನೆಯ ಭಾರವನ್ನು ಹೇರುವುದಿಲ್ಲವಷ್ಟೆ.

ಪ್ಲೇಟನ್ನು ಇನ್ನೂ ದಪ್ಪಮಾಡಿದರೆ ಭಾರ ಹೊರಲಾರದೆ ಎಂದು ವಾಚಕರು ಕೇಳಬಹುದು. ಹೊರಬಲ್ಲುದು. ಪಟ್ಟಿಯ ದಪ್ಪವು ಎರಡರಷ್ಟಾದರೆ ಬಾಗುವುದಕ್ಕೆ ಅದು ಒಡ್ಡುವ ತಡೆಯು ಎಂಟರಷ್ಟಾಗುವುದೆಂದು ಯಂತ್ರಶಾಸ್ತ್ರವು ಹೇಳುತ್ತದೆ. ಆದರೆ ಹರಡಿನ ಸುತ್ತ ತೊಡೆಯಲ್ಲಿರುವಂತೆ ಮಾಂಸದ ಹೊದಿಕೆಯಿಲ್ಲ. ಎಲುಬಿನ ಮೇಲೆ ನೇರವಾಗಿ ಚರ್ಮವೇ ಇದೆ. ದಪ್ಪ ಲೋಹವು ಆ ಚರ್ಮವನ್ನು ಒಳಗಿನಿಂದ ಒತ್ತಿ ಗಾಯಮಾಡುವುದು. ಆದುದರಿಂದ ಫಿಬ್ಯುಲಕ್ಕೆ ಬಹುಕಾಲದಿಂದ ಬಳಸುತ್ತ ಬಂದಿರುವ ಒಂದು ಬಗೆಯ ಪ್ಲೇಟು ಸುಮಾರು ೧ ಮಿಲ್ಲಿಮೀಟರು ದಪ್ಪವಿದೆ. ಅಷ್ಟು ತೆಳುವಾದ ಪಟ್ಟಿಯಿಂದ "ಮೊದಲಿಗಿಂತ ಗಟ್ಟಿಯಾದ ಕಾಲನ್ನು" ನಿರೀಕ್ಷಿಸುವುದು ನ್ಯಾಯವಲ್ಲ.

ಎಷ್ಟು ಮಂದಿಗೆ?

ಹಿರಿಯರ ಹೆದರಿಕೆಗೆ ಎಷ್ಟು ಆಧಾರವಿದೆ? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಹರಡಿನ ಶಸ್ತ್ರಕ್ರಿಯೆಯಾದ ೫೭,೧೮೩ ಮಂದಿಯ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿ ೨೦೦೯ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಮೊದಲ ಮೂರು ತಿಂಗಳಲ್ಲಿ ಗಾಯಕ್ಕೆ ಸೋಂಕು ತಗುಲಿದುದು ನೂರಕ್ಕೆ ೧.೪೪ ಮಂದಿಗೆ, ಎಲುಬನ್ನು ಮತ್ತೆ ಕೂಡಿಸಬೇಕಾದುದು ನೂರಕ್ಕೆ ೦.೮೨ ಮಂದಿಗೆ. ಮುಂದಿನ ವರ್ಷಗಳಲ್ಲಿ ಕೀಲು ಕೆಟ್ಟು ಅದನ್ನು ಬೆಸೆಯುವ ಅಥವಾ ಬದಲಿಸುವ ಶಸ್ತ್ರಕ್ರಿಯೆಗೆ ಬಂದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಕಡಮೆ.

ಇದನ್ನು ಇನ್ನೊಂದು ಲೆಕ್ಕದೊಡನೆ ಹೋಲಿಸೋಣ. ಬ್ರಿಟನ್ನಿನಲ್ಲಿ ೬೦ ವರ್ಷ ಮೀರಿದ ೬೨೦ ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ಮೈಗೆ ಹತ್ತಿಕೊಂಡಂತೆ ಅಚ್ಚುಕಟ್ಟಾಗಿ ಹಾಕಿದ ಪ್ಲಾಸ್ಟರನ್ನೂ ಕೊಟ್ಟು, ೨೦೧೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ತಿಂಗಳ ಬಳಿಕ ಎರಡು ಗುಂಪಿನವರ ಕಾಲಿನ ಕೆಲಸವೂ ಹೆಚ್ಚುಕಡಮೆ ಒಂದೇ ಆಗಿತ್ತು. ಆದರೆ ಗಾಯ ಕೆಟ್ಟುದು ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ೧೦, ಪ್ಲಾಸ್ಟರಿನವರಲ್ಲಿ ನೂರಕ್ಕೆ ೧. ಮತ್ತೊಂದು ಶಸ್ತ್ರಕ್ರಿಯೆಯ ಕೋಣೆಗೆ ಹೋಗಬೇಕಾದುದು ಕ್ರಮವಾಗಿ ೬ ಮತ್ತು ೧. ಪ್ಲಾಸ್ಟರಿನವರಿಗಿದ್ದ ತೊಂದರೆಯೇ ಬೇರೆ: ಎಲುಬು ಸೊಟ್ಟಗೆ ಕೂಡಿದುದು ಅವರಲ್ಲಿ ನೂರಕ್ಕೆ ೧೫, ಶಸ್ತ್ರಕ್ರಿಯೆಯಾದವರಲ್ಲಿ ೩ ಮಾತ್ರ.

ಒಂದೆಡೆ ಗಾಯದ ತೊಂದರೆ ನೂರಕ್ಕೆ ಒಂದೂವರೆ, ಇನ್ನೊಂದೆಡೆ ಹತ್ತು! ಇವುಗಳಲ್ಲಿ ಯಾವುದು ನಿಜ? ಎರಡೂ ನಿಜ. ಮೊದಲನೆಯದು ಎಲ್ಲ ವಯಸ್ಸಿನವರನ್ನೂ ಆಸ್ಪತ್ರೆಯ ದಾಖಲೆಗಳ ಮೂಲಕ ಎಣಿಸಿದ ಲೆಕ್ಕ; ಎರಡನೆಯದು ವಯಸ್ಸಾದವರನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಬ್ಬರನ್ನೂ ಹಿಂಬಾಲಿಸಿ ಸಣ್ಣ ದೊಡ್ಡ ತೊಂದರೆಗಳನ್ನೆಲ್ಲ ಬರೆದುಕೊಂಡ ಲೆಕ್ಕ. ಅಳತೆಯು ಅಳೆಯುವ ಬಗೆಯನ್ನು ಅವಲಂಬಿಸಿದೆಯೆಂಬ ಪಾಠವನ್ನು ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಹೇಗೆ ಎಣಿಸಿದರೂ ಬಹುಮಂದಿಗೆ ಎರಡನೆಯ ಶಸ್ತ್ರಕ್ರಿಯೆ ಬೇಕಾಗುವುದಿಲ್ಲ ಎಂಬುದು ಸ್ಪಷ್ಟ. ಬೇಕಾದವರಿಗೆ ಏಕೆ ಬೇಕಾಯಿತು ಎಂಬುದನ್ನು ಈಗ ನೋಡೋಣ.

ಮೊದಲನೆಯ ಕಾರಣ: ಚರ್ಮ

ಹರಡಿನ ಮೇಲಣ ಚರ್ಮ ತೆಳುವಾದದ್ದು, ರಕ್ತದ ಸರಬರಾಜು ಅಲ್ಲಿ ಸ್ವಲ್ಪವೇ. ಮುರಿದ ಕೂಡಲೆ ಒಳಗೆ ರಕ್ತವೂ ನೀರೂ ತುಂಬಿ ಚರ್ಮವು ತಮಟೆಯಂತೆ ಬಿಗಿಯುತ್ತದೆ. ಆ ಸ್ಥಿತಿಯಲ್ಲಿ ಕೊಯ್ದರೆ ಹೊಲಿಗೆ ಕೂಡದೆ ಬಾಯಿಬಿಡುವ ಅಪಾಯವಿದೆ. ಆದುದರಿಂದ ಅನೇಕ ವೇಳೆ ಶಸ್ತ್ರವೈದ್ಯರು ಕಾಲನ್ನು ಎತ್ತರದಲ್ಲಿರಿಸಿ ಕೆಲವು ದಿನ ಕಾಯುವರು. ಬಾವು ಇಳಿದು ಚರ್ಮದಲ್ಲಿ ಮತ್ತೆ ಸುಕ್ಕುಗಳು ಕಾಣಿಸಿಕೊಂಡುವೆಂದರೆ ಕೊಯ್ಯಲು ಸಮಯ ಬಂದಿತೆಂದು ಅರ್ಥ. "ಆಸ್ಪತ್ರೆಯಲ್ಲಿ ಸುಮ್ಮನೆ ಮಲಗಿಸಿದ್ದಾರೆ" ಎಂದು ಮನೆಯವರು ಬೇಸರಪಡುವ ಆ ದಿನಗಳು ವ್ಯರ್ಥವಾದ ದಿನಗಳಲ್ಲ.

ಗಾಯಕ್ಕೆ ಸೂಕ್ಷ್ಮಜೀವಿ ಹೊಕ್ಕರೆ ಲೋಹವಿರುವಲ್ಲಿ ಕಷ್ಟ ಹೆಚ್ಚು. ಏಕೆಂದರೆ ಲೋಹದ ಮೈಯಲ್ಲಿ ರಕ್ತ ಹರಿಯುವುದಿಲ್ಲ. ಸೂಕ್ಷ್ಮಜೀವಿಗಳು ಅದಕ್ಕೆ ಅಂಟಿಕೊಂಡು, ಬಾವಿಯ ಕಲ್ಲಿನ ಮೇಲೆ ಪಾಚಿ ಕಟ್ಟುವಂತೆ, ತಮ್ಮ ಮೇಲೆ ಒಂದು ಲೋಳೆಯ ಪೊರೆಯನ್ನು ಕಟ್ಟಿಕೊಳ್ಳುತ್ತವೆ. ಆ ಪೊರೆಯನ್ನು ರಕ್ತದ ಬಿಳಿಯ ಕಣಗಳು ಸುಲಭವಾಗಿ ಭೇದಿಸಲಾರವು. ಔಷಧಿಗಳೂ ಅಷ್ಟಾಗಿ ನಾಟವು. ಲೋಹದ ಮೈಗಾಗಿ ನಮ್ಮ ಜೀವಕೋಶಗಳಿಗೂ ಸೂಕ್ಷ್ಮಜೀವಿಗಳಿಗೂ ಪಂದ್ಯ ನಡೆಯುವುದೆಂದು ಅಮೆರಿಕದ ವೈದ್ಯ ಆಂಥೊನಿ ಗ್ರಿಸ್ಟಿನ ೧೯೮೭ರಲ್ಲಿ ಬರೆದರು. ಮೊದಲು ಮುಟ್ಟಿದವರಿಗೆ ಗೆಲವು. ಸೂಕ್ಷ್ಮಜೀವಿಗಳು ಗೆದ್ದರೆ ಗಾಯವನ್ನು ಮತ್ತೆ ತೆರೆದು ತೊಳೆಯಬೇಕಾಗುವುದು, ಕೆಲವೊಮ್ಮೆ ಲೋಹವನ್ನೇ ತೆಗೆಯಬೇಕಾಗುವುದು.

ಈ ಪಂದ್ಯದಲ್ಲಿ ರೋಗಿಯ ಪಾಲೂ ಇದೆ. ಬೀಡಿ ಸಿಗರೇಟುಗಳ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಗಾಯಕ್ಕೆ ಬರಬೇಕಾದ ರಕ್ತ ಬಾರದು. ಎಲುಬು ಕೂಡುವವರೆಗಾದರೂ ಬೀಡಿಯನ್ನು ಬಿಡುವುದು ಔಷಧಿಗೆ ಸಮಾನವಾದ ಪಥ್ಯ.

ಎರಡನೆಯ ಕಾರಣ: ಒಂದು ಮಿಲ್ಲಿಮೀಟರು

೧೯೭೬ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ಅಮೆರಿಕದ ವೈದ್ಯರು ಒಂದು ಸರಳವಾದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಶವಗಳಿಂದ ತೆಗೆದ ಹರಡುಗೀಲುಗಳಲ್ಲಿ ಒಂದು ಎಲುಬಿನ ಮೈಗೆ ಕಾಡಿಗೆಯಂಥ ಕರಿಯ ಪುಡಿಯನ್ನು ಸವರಿ, ಭಾರ ಹೇರಿ, ಇನ್ನೊಂದು ಎಲುಬಿಗೆ ಎಷ್ಟು ಭಾಗ ಕಪ್ಪು ಅಂಟಿತೆಂದು ಅಳೆದರು. ಟೇಲಸ್ಸನ್ನು ಹೊರಪಕ್ಕಕ್ಕೆ ೧ ಮಿಲ್ಲಿಮೀಟರು ಸರಿಸಿದಾಗ, ಎಲುಬುಗಳು ಒಂದನ್ನೊಂದು ಮುಟ್ಟುವ ಕ್ಷೇತ್ರವು ಸರಾಸರಿ ನೂರಕ್ಕೆ ೪೨ರಷ್ಟು ಕಡಮೆಯಾಯಿತು! ಒತ್ತಡವೆಂದರೆ ಬಲವನ್ನು ಕ್ಷೇತ್ರದಿಂದ ಭಾಗಿಸಿದ ಲಬ್ಧವಷ್ಟೆ. ಬಲ ಮೊದಲಿನಷ್ಟೇ ಇದ್ದು ಕ್ಷೇತ್ರವು ೧೦೦ರಿಂದ ೫೮ಕ್ಕೆ ಇಳಿದರೆ, ಸರಾಸರಿ ಒತ್ತಡವು ೧.೭ ಪಟ್ಟಿಗೂ ಮೀರುತ್ತದೆ. ಬಂಡಿಯ ಗುಂಬದಲ್ಲಿ ಅಚ್ಚು ಒಂದು ಪಕ್ಕಕ್ಕೆ ಉಜ್ಜುವ ಸ್ಥಿತಿಯೇ ಇದು. ಮೃದ್ವಸ್ಥಿಯು ವರ್ಷ ವರ್ಷಕ್ಕೆ ಸವೆದು ಕೀಲು ನೋಯತೊಡಗುವುದು.

ಆದುದರಿಂದ ಗೂಡನ್ನು ಕರಾರುವಾಕ್ಕಾಗಿ ಕೂಡಿಸಬೇಕು. ಫಿಬ್ಯುಲ ಸ್ವಲ್ಪ ಗಿಡ್ಡವಾಗಿಯೋ ತಿರುಚಿಯೋ ಕೂಡಿದರೂ ಗೂಡು ಅಗಲವಾಗುತ್ತದೆ. ಎಲ್ಲಕ್ಕಿಂತ ಕಷ್ಟವಾದದ್ದು, ಎರಡು ಎಲುಬುಗಳನ್ನು ಬಿಗಿದಿರುವ ತಂತುಕಟ್ಟು ಹರಿದಾಗ. ಆಗ ಎರಡೂ ಎಲುಬುಗಳ ಮೂಲಕ ಅಡ್ಡಲಾಗಿ ಸ್ಕ್ರೂ ತೂರಿಸಿ ಹಿಡಿದಿಡುವರು. ಇಂಥ ೨೫ ಮಂದಿಯನ್ನು ಅಮೆರಿಕದ ವೈದ್ಯರು ಶಸ್ತ್ರಕ್ರಿಯೆಯ ಬಳಿಕ ಸಿ.ಟಿ. ಯಂತ್ರದಿಂದ ಪರೀಕ್ಷಿಸಿ ೨೦೦೬ರಲ್ಲಿ ವರದಿಮಾಡಿದರು: ೧೩ ಮಂದಿಯಲ್ಲಿ ಎಲುಬು ಸರಿಯಾಗಿ ಕುಳಿತಿರಲಿಲ್ಲ. ಸಾಮಾನ್ಯ ಕ್ಷ-ಕಿರಣ ಚಿತ್ರಗಳು ಇವುಗಳಲ್ಲಿ ಅರ್ಧಕ್ಕೂ ಹೆಚ್ಚಿನವನ್ನು ಮರೆಮಾಡಿದ್ದವು. ಮೂರು ಆಯಾಮಗಳ ವಸ್ತುವನ್ನು ಎರಡು ಆಯಾಮಗಳ ನೆರಳಿನಿಂದ ತಿಳಿಯಹೊರಟರೆ ಆಗುವ ತೊಡಕು ಇದು. ಈ ದೋಷವನ್ನು ಮೊದಲ ಕೆಲವು ವಾರಗಳಲ್ಲಿ ಕಂಡು ತಿದ್ದಿದರೆ ಕೆಲಸ ಸುಲಭ. ವರ್ಷಗಳು ಕಳೆದಮೇಲೆ ತಿದ್ದಬೇಕಾದರೆ ಕೂಡಿದ ಎಲುಬನ್ನೇ ಮತ್ತೆ ಕತ್ತರಿಸಿ ನೀಳಮಾಡಬೇಕಾಗುವುದು. ಕೀಲು ಪೂರ್ತಿ ಸವೆದುಹೋಗಿದ್ದರೆ ಅದನ್ನು ಬೆಸೆದು ನೋವನ್ನು ಕಳೆಯುವುದು, ಇಲ್ಲವೆ ಕೃತಕ ಕೀಲನ್ನು ಕೂಡಿಸುವುದು, ಉಳಿದಿರುವ ದಾರಿಗಳು. ಶಸ್ತ್ರಕ್ರಿಯೆಯ ತರುವಾಯ ಹೇಳಿದ ದಿನ ಹೋಗಿ ಚಿತ್ರ ತೆಗೆಯಿಸಿಕೊಳ್ಳುವುದರ ಮಹತ್ವ ಇಲ್ಲಿದೆ.

ನಾಟಿ ವೈದ್ಯರ ಕಟ್ಟಿನ ಮಿತಿಯೂ ಇಲ್ಲಿಯೇ ಕಾಣುತ್ತದೆ. ನಮ್ಮ ಸೀಮೆಯಲ್ಲಿ ತಲೆಮಾರುಗಳಿಂದ ಎಲುಬು ಕಟ್ಟುವ ಮನೆತನಗಳಿವೆ. ಅವರ ಕೈಗಳ ಅನುಭವವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಊದಿದ ಚರ್ಮದ ಮೇಲಿನಿಂದ ಒಂದು ಮಿಲ್ಲಿಮೀಟರಿನ ವ್ಯತ್ಯಾಸವನ್ನು ಎಂಥ ಕೈಯೂ ತಿಳಿಯಲಾರದು. ಅಲ್ಲದೆ ಬಾವು ಏರುತ್ತಿರುವಾಗ ಬಿದಿರಿನ ದಬ್ಬೆಯನ್ನು ಬಿಗಿಯಾಗಿ ಕಟ್ಟಿದರೆ ರಕ್ತದ ಓಟವೇ ನಿಂತು ಪಾದಕ್ಕೆ ಅಪಾಯವಾಗಬಹುದು.

ಮೂರನೆಯ ಕಾರಣ: ಲೋಹದ ದಣಿವು

೧೮೪೨ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸಿಗೆ ಹೊರಟ ಒಂದು ರೈಲಿನ ಅಚ್ಚು ಮುರಿದು ದೊಡ್ಡ ದುರಂತವಾಯಿತು. ದಿನವೂ ಹೊತ್ತ ಭಾರವನ್ನೇ ಹೊತ್ತಿದ್ದ ಅಚ್ಚು ಒಂದು ದಿನ ಏಕೆ ಮುರಿಯಬೇಕು? ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಎಂಬ ಯಂತ್ರಶಿಲ್ಪಿ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ಒಂದೇ ಸಲಕ್ಕೆ ಮುರಿಯಲಾರದ ಅಲ್ಪ ಭಾರವು ಲಕ್ಷಾಂತರ ಸಲ ಮರುಕಳಿಸಿದರೆ ಲೋಹವು ದಣಿದು ಬಿರುಕು ಬಿಡುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವ ಹುಡುಗರಿಗೆ ಈ ತತ್ತ್ವ ಗೊತ್ತು.

ಕಾಲಿನ ಪ್ಲೇಟಿಗೂ ಇದೇ ನಿಯಮ. ದಿನಕ್ಕೆ ೫,೦೦೦ ಹೆಜ್ಜೆ ನಡೆದರೆ ಒಂದೊಂದು ಕಾಲಿಗೆ ೨,೫೦೦ ಸಲ ಭಾರ ಬೀಳುತ್ತದೆ. ಆರು ವಾರಗಳಲ್ಲಿ ಇದು ಒಂದು ಲಕ್ಷವನ್ನು ದಾಟುವುದು. ಎಲುಬು ಬೇಗ ಕೂಡಿ ಭಾರವನ್ನು ತಾನು ಹೊತ್ತುಕೊಂಡರೆ ಲೋಹ ಬದುಕಿತು. ಎಲುಬು ಕೂಡದೆ ಲೋಹವೇ ಹೊರುತ್ತಿದ್ದರೆ ಅದು ಮುರಿಯುವುದು, ಇಲ್ಲವೆ ಸ್ಕ್ರೂಗಳು ಸಡಿಲಗೊಂಡು ಹೊರಬರುವುವು. ಮುಪ್ಪಿನಿಂದ ಎಲುಬು ಟೊಳ್ಳಾದವರಲ್ಲಿ ಎರಡನೆಯದೇ ಹೆಚ್ಚು. ಹುಳು ತಿಂದ ತೊಲೆಯಲ್ಲಿ ಮೊಳೆ ನಿಲ್ಲದಷ್ಟೆ.

ಹಾಗಾದರೆ ಎಲ್ಲರೂ ಆರು ವಾರ ಕಾಲೂರದೆ ಇರಬೇಕೆ? ಬಹುಕಾಲದಿಂದ ಹಾಗೆಯೇ ಹೇಳುತ್ತಿದ್ದರು. ೨೦೨೪ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆಯ ಫಲವು ಪ್ರಕಟವಾಯಿತು. ಎಲುಬು ಗಟ್ಟಿಯಾಗಿ ಕೂಡಿದೆಯೆಂದು ವೈದ್ಯರಿಗೆ ಮನವರಿಕೆಯಾದವರಲ್ಲಿ ಎರಡು ವಾರಗಳ ಬಳಿಕ ಕಾಲೂರಿದವರಿಗೂ ಆರು ವಾರ ಕಾದವರಿಗೂ ನಷ್ಟದಲ್ಲಿ ಭೇದ ಕಾಣಲಿಲ್ಲ. ಇದು ಸಂತೋಷದ ಸುದ್ದಿಯೇ ಸರಿ, ಆದರೆ ಎಲ್ಲರಿಗೂ ಅಲ್ಲ. ಯಾವ ಕಾಲನ್ನು ಯಾವಾಗ ಊರಬಹುದೆಂಬುದು ಎಲುಬಿನ ಗುಣ, ಮುರಿತದ ಬಗೆ, ತಂತುಕಟ್ಟಿನ ಸ್ಥಿತಿ ಇವುಗಳನ್ನು ಕಣ್ಣಾರೆ ಕಂಡ ಶಸ್ತ್ರವೈದ್ಯರಿಗೆ ಮಾತ್ರ ಗೊತ್ತು. ನೆರೆಯವನು ಮೂರನೆಯ ವಾರದಲ್ಲಿ ನಡೆದನೆಂದು ನಾವೂ ನಡೆಯುವುದು ತರವಲ್ಲ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ೨೦೨೩ರಲ್ಲಿ ಪ್ರಕಟವಾದ ಗಣನೆಯಂತೆ ನಮ್ಮ ದೇಶದಲ್ಲಿ ಈ ಕಾಯಿಲೆಯವರು ಸುಮಾರು ೧೦ ಕೋಟಿ ೧೦ ಲಕ್ಷ. ಬಹುಕಾಲದ ಕಾಯಿಲೆಯಿಂದ ಕೆಲವರಿಗೆ ಪಾದದ ನರಗಳು ಜೋಮುಹಿಡಿಯುತ್ತವೆ. ನೋವೆಂಬುದು ದೇಹದ ಕಾವಲುಗಾರ. ಅದು ನಿದ್ದೆಹೋದರೆ ಮುರಿದ ಕಾಲಿನ ಮೇಲೆಯೇ ಮನುಷ್ಯ ನಡೆದಾಡುವನು. ಲೋಹ ಮುರಿದು ಕೀಲು ಪುಡಿಯಾದರೂ ಅವನಿಗೆ ತಿಳಿಯದು. ನರ ಕೆಟ್ಟಾಗ ಕೀಲು ಹೀಗೆ ಹಾಳಾಗುವುದನ್ನು ಫ್ರಾನ್ಸಿನ ಶಾರ್ಕೊ ಎಂಬ ವೈದ್ಯರು ೧೮೬೮ರಲ್ಲಿಯೇ ಬೇರೊಂದು ರೋಗದಲ್ಲಿ ಕಂಡು ವರ್ಣಿಸಿದ್ದರು. ಇಂಥವರಿಗೆ ವೈದ್ಯರು ಹೆಚ್ಚು ಸ್ಕ್ರೂಗಳನ್ನು ಹಾಕುವುದೂ ಕಾಲೂರದ ಅವಧಿಯನ್ನು ಎರಡರಷ್ಟು ಮಾಡುವುದೂ ಇದೇ ಕಾರಣದಿಂದ.

ಲೋಹವನ್ನು ತೆಗೆಯಿಸಬೇಕೆ?

ಜನರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಎಲುಬು ಕೂಡಿದಮೇಲೆ ಲೋಹಕ್ಕೆ ಕೆಲಸವಿಲ್ಲ, ನಿಜ. ಆದರೆ ತೊಂದರೆ ಕೊಡದ ಲೋಹವು ಒಳಗೇ ಇರಬಹುದು. ಈಗಿನ ಉಕ್ಕಿನಲ್ಲಿ ಬೆರೆತಿರುವ ಕ್ರೋಮಿಯಂ ತನ್ನ ಮೈಮೇಲೆ ಆಕ್ಸೈಡಿನ ತೆಳ್ಳನೆಯ ಪದರವನ್ನು ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಚರ್ಮದಡಿಯಲ್ಲಿ ಸ್ಕ್ರೂವಿನ ತಲೆ ಚುಚ್ಚುತ್ತಿದ್ದರೆ, ಚಪ್ಪಲಿಯ ಪಟ್ಟಿ ತಾಕಿ ನೋಯುತ್ತಿದ್ದರೆ, ಸೋಂಕಾಗಿದ್ದರೆ ತೆಗೆಯಿಸುವುದು ಸರಿ. ಎರಡು ಎಲುಬುಗಳ ನಡುವಣ ಅಡ್ಡ ಸ್ಕ್ರೂವನ್ನು ಕೆಲವು ತಿಂಗಳ ಬಳಿಕ ಎಲ್ಲರಿಗೂ ತೆಗೆಯುವ ವಾಡಿಕೆ ಹಿಂದಿತ್ತು. ನೆದರ್ಲೆಂಡ್ಸಿನಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯು, ತೊಂದರೆಯಿದ್ದವರಿಗೆ ಮಾತ್ರ ತೆಗೆದರೂ ಕಾಲಿನ ಕೆಲಸಕ್ಕೆ ಕುಂದಿಲ್ಲವೆಂದು ತೋರಿಸಿತು. ಎಂದರೆ ಹಿರಿಯರು ಹೇಳುತ್ತಿದ್ದ "ಮತ್ತೆ ಕೊಯ್ಯಿಸಿಕೊಳ್ಳುವುದರ" ಒಂದು ಭಾಗವು ಅವಶ್ಯವೇ ಇರಲಿಲ್ಲ.

ತೆಗೆಯಿಸಿದವರು ಒಂದು ವಿಷಯವನ್ನು ನೆನಪಿಡಬೇಕು. ಸ್ಕ್ರೂ ಇದ್ದ ಸ್ಥಳದಲ್ಲಿ ರಂಧ್ರ ಉಳಿಯುತ್ತದೆ. ಎಳೆತಕ್ಕೆ ಸಿಕ್ಕಿದ ಅಗಲವಾದ ತಗಡಿನಲ್ಲಿ ದುಂಡನೆಯ ರಂಧ್ರವಿದ್ದರೆ, ಅದರ ಅಂಚಿನಲ್ಲಿ ಬಿಗಿತವು ಮೂರು ಪಟ್ಟಾಗುವುದೆಂದು ಜರ್ಮನಿಯ ಕಿರ್ಷ್ ೧೮೯೮ರಲ್ಲಿ ಗಣಿತದಿಂದ ತೋರಿಸಿದರು. ಅಂಚೆಚೀಟಿಯ ಹಾಳೆ ತೂತುಗಳ ಸಾಲಿನಲ್ಲಿಯೇ ಹರಿಯುವುದನ್ನು ನಾವು ಬಲ್ಲೆವು. ಎಲುಬು ಜೀವಂತ ವಸ್ತುವಾದುದರಿಂದ ರಂಧ್ರಗಳನ್ನು ತಾನೇ ತುಂಬಿಕೊಳ್ಳುವುದು. ಆದರೆ ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಅಲ್ಲಿಯವರೆಗೆ ಓಟ, ಜಿಗಿತ, ಭಾರ ಹೊರುವುದು ಸಲ್ಲದು.

ಕೊನೆಯ ಮಾತು

ಇಂಗಳೇಶ್ವರದ ನಮ್ಮ ರೈತನ ಬಳಿಗೆ ಮರಳೋಣ. ಅವನ ಕಷ್ಟ ಕೇವಲ ಎಲುಬಿನದಲ್ಲ. ಬಿತ್ತನೆಯ ಕಾಲ ಕಾಯುವುದಿಲ್ಲ. ಎತ್ತುಗಳಿಗೆ ಮೇವು ಹಾಕುವವರು ಬೇಕು. ವಿಜಯಪ���ರದ ಆಸ್ಪತ್ರೆ ಬಾಗೇವಾಡಿಯಿಂದಲೇ ನಲವತ್ತು ಕಿಲೋಮೀಟರಿಗೂ ದೂರ. ಮೂರನೆಯ ವಾರದಲ್ಲಿ ನೋವು ತಗ್ಗಿದಾಗ ಅವನು ಹೊಲಕ್ಕೆ ಹೊರಡುವುದು ಅಜ್ಞಾನದಿಂದಲೇ ಎಂದು ಹೇಳಲಾಗದು. ಆದುದರಿಂದ ಅವನ ಕಾಲನ್ನು ಉಳಿಸುವ ಹೊಣೆ ಮನೆಯವರ ಮೇಲೂ ನೆರೆಯವರ ಮೇಲೂ ಇದೆ. ಆ ಆರು ವಾರ ಅವನ ಕೆಲಸವನ್ನು ಹಂಚಿಕೊಂಡವರು ಎರಡನೆಯ ಶಸ್ತ್ರಕ್ರಿಯೆಯನ್ನು ತಪ್ಪಿಸಿದವರೇ ಆಗುವರು.

ಓದಿದ ಮಕ್ಕಳು ಮನೆಯಲ್ಲಿ ಈ ಕೆಲವು ಲಕ್ಷಣಗಳನ್ನು ಗಮನಿಸುತ್ತಿರಬೇಕು. ದಿನ ಕಳೆದಂತೆ ತಗ್ಗಬೇಕಾದ ನೋವು ಏರುತ್ತಿದ್ದರೆ, ಗಾಯ ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಒಸರಿದರೆ, ಜ್ವರ ಬಂದರೆ ತಡಮಾಡದೆ ಶಸ್ತ್ರಕ್ರಿಯೆ ಮಾಡಿದ ವೈದ್ಯರಲ್ಲಿಗೆ ಹೋಗಬೇಕು. ಪ್ಲಾಸ್ಟರಿನ ಕೆಳಗೆ ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ ಅಥವಾ ಜೋಮುಹಿಡಿದರೆ ಆ ಗಳಿಗೆಯಲ್ಲಿಯೇ ಹೊರಡಬೇಕು. ಮೀನಖಂಡ ಊದಿ ನೋಯುವುದೂ ಇದ್ದಕ್ಕಿದ್ದಂತೆ ಉಸಿರು ಕಟ್ಟುವುದೂ ರಕ್ತ ಹೆಪ್ಪುಗಟ್ಟಿರುವುದರ ಗುರುತಾಗಿರಬಹುದು. ಇದು ಪ್ರಾಣಕ್ಕೆ ಸಂಬಂಧಪಟ್ಟದ್ದು.

ಹಿರಿಯರು ಹೆದರುವಂತೆ ಎರಡನೆಯ ಶಸ್ತ್ರಕ್ರಿಯೆಯು ಹಣೆಯ ಬರಹವಲ್ಲ; ಕಿರಿಯರು ತಿಳಿದಂತೆ ಮೊದಲನೆಯದು ಎಲ್ಲವನ್ನೂ ಮುಗಿಸಿಬಿಡುವುದೂ ಇಲ್ಲ. ಶಸ್ತ್ರವೈದ್ಯರು ಎಲುಬಿಗೆ ಸ್ಥಾನವನ್ನು ಕೊಡಬಲ್ಲರು, ಲೋಹವು ಕೆಲವು ವಾರಗಳ ಕಾಲಾವಕಾಶವನ್ನು ಕೊಡಬಲ್ಲುದು. ಕೂಡಿಕೊಳ್ಳುವ ಕೆಲಸವನ್ನು ಎಲುಬೇ ಮಾಡಬೇಕು. ಅದಕ್ಕೆ ಬೇಕಾದ ದಿನಗಳನ್ನು ನಾವು ಕೊಡಬೇಕು.